ಉಸಿರು ಕಟ್ಟಿಸಿ ಕಾಯುವ ಅನಿಲ

ಮನುಷ್ಯ ದಿನವೊಂದಕ್ಕೆ ಎಷ್ಟು ನೈಟ್ರೇಟ್ ತಿನ್ನುತ್ತಾನೆ, ಎಷ್ಟನ್ನು ಮೂತ್ರದಲ್ಲಿ ಹೊರಹಾಕುತ್ತಾನೆ ಎಂಬ ಲೆಕ್ಕ ಕೇಳಲು ಅಷ್ಟೇನೂ ಸ್ವಾರಸ್ಯದ ಸಂಗತಿಯಲ್ಲ. ಆದರೂ ಅಮೆರಿಕದ ಬಾಸ್ಟನ್ ನಗರದ ಪಕ್ಕದಲ್ಲಿರುವ ಎಂಐಟಿ ಎಂಬ ಹೆಸರಾಂತ ವಿದ್ಯಾಸಂಸ್ಥೆಯಲ್ಲಿ ಸ್ಟೀವನ್ ಟ್ಯಾನನ್‌ಬಾಮ್ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆಯ ಹೊತ್ತಿಗೆ ಈ ಲೆಕ್ಕವನ್ನೇ ಹಿಡಿದು ಕುಳಿತಿದ್ದರು. ಅದಕ್ಕೆ ಕಾರಣವೂ ಇತ್ತು. ಮಾಂಸ ಕೆಡದಂತೆ ಇಡಲು ಬಳಸುವ ನೈಟ್ರೈಟ್ ಲವಣ ಹೊಟ್ಟೆಗೆ ಹೋದ ಮೇಲೆ ಕ್ಯಾನ್ಸರ್‌ಕಾರಕ ವಸ್ತುಗಳಾಗಿ ಬದಲಾಗಬಹುದೆಂಬ ಭಯ ಆಗ ಅಮೆರಿಕವನ್ನು ಕಾಡುತ್ತಿತ್ತು. ಆಹಾರದಿಂದ ಬರುವುದೆಷ್ಟು, ದೇಹದಲ್ಲೇ ಹುಟ್ಟುವುದೆಷ್ಟು ಎಂಬುದನ್ನು ಮೊದಲು ತಿಳಿಯಬೇಕಿತ್ತು. ಸ್ವಯಂಸೇವಕರಿಗೆ ನೈಟ್ರೇಟ್ ತೀರ ಕಡಿಮೆಯಿರುವ ಆಹಾರವನ್ನು ಅಳೆದು ಕೊಟ್ಟು, ಪ್ರತಿದಿನ ಅವರ ಮೂತ್ರವನ್ನು ಪರೀಕ್ಷಿಸುವುದು ಕೆಲಸದ ಕ್ರಮವಾಗಿತ್ತು.

ಹೀಗೆ ನಡೆಯುತ್ತಿದ್ದಾಗ ಸ್ವಯಂಸೇವಕನೊಬ್ಬನಿಗೆ ಜ್ವರ ಬಂತು, ಭೇದಿಯೂ ಶುರುವಾಯಿತು. ಕಾಯಿಲೆ ಬಿದ್ದವನ ಅಂಕಿಗಳನ್ನು ಲೆಕ್ಕದಿಂದ ಕೈಬಿಡುವುದು ಇಂಥ ಪ್ರಯೋಗಗಳಲ್ಲಿ ಅಪರೂಪವಲ್ಲ. ಎಂಐಟಿಯವರು ಬಿಡಲಿಲ್ಲ. ಆತ ತಿಂದ ಆಹಾರ ಮೊದಲಿನಷ್ಟೇ ಇದ್ದರೂ ಮೂತ್ರದ ನೈಟ್ರೇಟ್ ಮಾತ್ರ ಹಲವು ಪಟ್ಟು ಏರಿಬಿಟ್ಟಿತ್ತು. 1981ರಲ್ಲಿ ಪ್ರಕಟವಾದ ವರದಿಯಲ್ಲಿ ಈ ಸಂಗತಿ ಸೇರಿತು. ರೋಗದೊಂದಿಗೆ ಹೋರಾಡುವಾಗ ದೇಹ ಏನನ್ನೋ ತಯಾರಿಸುತ್ತಿದೆ, ನೈಟ್ರೇಟ್ ಅದರ ಬೂದಿ ಎಂಬ ಸುಳಿವು ಅದರಲ್ಲಿತ್ತು.

ತಿಂದದ್ದಕ್ಕಿಂತ ಹೆಚ್ಚು ನೈಟ್ರೇಟ್ ದೇಹದಿಂದ ಹೊರಬರುತ್ತದೆ ಎಂಬುದು ಆಗಲೇ ಹಳೆಯ ವಿಷಯ. 1916ರಷ್ಟು ಹಿಂದೆಯೇ ಇಲಿನಾಯ್ ವಿಶ್ವವಿದ್ಯಾಲಯದ ಮಿಚೆಲ್, ಶೋನ್ಲ್, ಗ್ರಿಂಡ್ಲಿ ಎಂಬ ಮೂವರು ಇದನ್ನು ಬರೆದಿಟ್ಟಿದ್ದರು. ಅದನ್ನು ಮುಂದುವರಿಸಿದವರೇ ಇರಲಿಲ್ಲ. ಪ್ರಾಣಿಗಳ ದೇಹ ಇಂಥ ಲವಣವನ್ನು ತಾನೇ ತಯಾರಿಸಲಾರದು, ಕರುಳಿನ ಬ್ಯಾಕ್ಟೀರಿಯಾಗಳದೇ ಏನೋ ಕೆಲಸವಿರಬೇಕು ಎಂದುಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಟ್ಯಾನನ್‌ಬಾಮ್ ಕೂಡ ಮೊದಲು ಹಾಗೆಯೇ ತಿಳಿದಿದ್ದರು. ಹುಟ್ಟಿದಂದಿನಿಂದ ಯಾವ ಸೂಕ್ಷ್ಮಜೀವಿಯ ಸೋಂಕೂ ಇಲ್ಲದಂತೆ ಸಾಕಿದ ಇಲಿಗಳಲ್ಲಿ 1981ರಲ್ಲಿ ನೋಡಿದಾಗ ಅವೂ ನೈಟ್ರೇಟ್ ತಯಾರಿಸುತ್ತಿದ್ದವು. ಕರುಳಿನ ಬ್ಯಾಕ್ಟೀರಿಯಾಗಳ ಮೇಲಿನ ಆರೋಪ ಬಿದ್ದುಹೋಯಿತು. ಎರಡು ವರ್ಷಗಳ ಬಳಿಕ ಇ. ಕೋಲೈ ಬ್ಯಾಕ್ಟೀರಿಯಾದ ಹೊರಕವಚದಿಂದ ತೆಗೆದ ನಂಜನ್ನು ಇಲಿಗಳಿಗೆ ಚುಚ್ಚಿದಾಗ ನೈಟ್ರೇಟ್ ಮತ್ತೆ ಹಲವು ಪಟ್ಟು ಏರಿತು. ಆ ನಂಜಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಒಂದೂ ಇರಲಿಲ್ಲ. ತಯಾರಿಸುತ್ತಿದ್ದದ್ದು ದೇಹವೇ.

ದೇಹದ ಯಾವ ಭಾಗ? ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪೇರಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆಯಲ್ಲ, ವೈದ್ಯರು ಉರಿಯೂತ ಎನ್ನುವುದು ಅದನ್ನೇ. ಅಲ್ಲಿಗೆ ಧಾವಿಸಿ ಬರುವ ಪಡೆಯಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶವೂ ಇರುತ್ತದೆ. ರಷ್ಯದ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಅದರ ಸುತ್ತ ಇಂಥ ಕೋಶಗಳು ಮುತ್ತಿಕೊಳ್ಳುವುದನ್ನು ಕಂಡಿದ್ದ. ಅವು ರೋಗಾಣುಗಳನ್ನು ನುಂಗುತ್ತವೆ ಎಂಬುದು ಅಂದಿನಿಂದ ಗೊತ್ತು. ನುಂಗಿದ್ದನ್ನು ಕೊಲ್ಲುವುದು ಹೇಗೆ ಎಂಬುದು ಒಂದು ಶತಮಾನ ಕಳೆದರೂ ಅರ್ಧಂಬರ್ಧ ತಿಳಿದಿತ್ತು.

ಎಂಐಟಿಯಲ್ಲೇ ಇದ್ದ ಮೈಕೆಲ್ ಮಾರ್ಲೆಟ್ಟಾ ಮತ್ತು ಅವರ ಶಿಷ್ಯ ಡೆನ್ನಿಸ್ ಸ್ಟೂಹ್ರ್ 1985ರಲ್ಲಿ ಇಲಿಯ ಮ್ಯಾಕ್ರೋಫೇಜ್‌ಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಬ್ಯಾಕ್ಟೀರಿಯಾದ ನಂಜನ್ನು ಸೋಕಿಸಿದರು. ಕೋಶಗಳು ಮುಳುಗಿದ್ದ ದ್ರವದಲ್ಲಿ ನೈಟ್ರೈಟ್ ಮತ್ತು ನೈಟ್ರೇಟ್ ತುಂಬಿಕೊಂಡವು. ಹುಟ್ಟಿನಿಂದಲೇ ಈ ನಂಜಿಗೆ ಜಗ್ಗದ ಒಂದು ತಳಿಯ ಇಲಿಯಿದೆ. ಅದರ ಮ್ಯಾಕ್ರೋಫೇಜ್‌ಗಳು ಅದೇ ನಂಜಿಗೆ ಸುಮ್ಮನೇ ಉಳಿದವು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ನೈಟ್ರೈಟ್ ಇದೆಯೇ ಇಲ್ಲವೇ ಎಂದು ತಿಳಿಯಲು ಈ ಪ್ರಯೋಗಾಲಯಗಳಲ್ಲಿ ಬಳಸಿದ ಪರೀಕ್ಷೆ 1879ರದು. ಜರ್ಮನಿಯಿಂದ ಬಂದು ಇಂಗ್ಲೆಂಡಿನ ಬರ್ಟನ್ ಎಂಬ ಊರಿನಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯೊಂದರ ರಸಾಯನ ತಜ್ಞನಾಗಿದ್ದ ಪೀಟರ್ ಗ್ರೀಸ್ ಅದನ್ನು ರೂಪಿಸಿದ. ಎರಡು ಹನಿ ರಾಸಾಯನಿಕ ಬೆರೆಸಿದರೆ ನೈಟ್ರೈಟ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಬಂದ ಮೇಲೂ ರೋಗನಿರೋಧಕ ಶಕ್ತಿಯ ಅಧ್ಯಯನದಲ್ಲಿ ಬಿಯರ್ ಕಾರ್ಖಾನೆಯ ಗ್ರೀಸ್‌ನ ಗುಲಾಬಿ ಬಣ್ಣ ಉಳಿದುಕೊಂಡೇ ಇದೆ.

ಬೂದಿ ಸಿಕ್ಕಿತು, ಬೆಂಕಿ ಯಾವುದು?

ನೈಟ್ರೈಟ್, ನೈಟ್ರೇಟ್ ಎರಡೂ ಸತ್ತ ಲವಣಗಳು. ಮ್ಯಾಕ್ರೋಫೇಜ್‌ನ ಕೊಲ್ಲುವ ಶಕ್ತಿಯನ್ನು ಅವುಗಳಿಂದ ವಿವರಿಸಲಾಗದು. ಅವುಗಳಿಗೂ ಮೊದಲು ಕ್ಷಣಕಾಲ ಬದುಕಿ ಮಾಯವಾಗುವ ಬೇರೆ ಏನೋ ಇರಬೇಕಿತ್ತು. ಅದೇ ನೈಟ್ರಿಕ್ ಆಕ್ಸೈಡ್. ಒಂದು ಸಾರಜನಕ ಪರಮಾಣು, ಒಂದು ಆಮ್ಲಜನಕ ಪರಮಾಣು, ಅಷ್ಟೇ. ಹಲ್ಲು ಕೀಳುವಾಗ ನೋವು ತಿಳಿಯದಂತೆ ವೈದ್ಯರು ಮೂಸಿಸುವ ನಗೆ ಅನಿಲ ಇದಲ್ಲ. ಅದು ನೈಟ್ರಸ್ ಆಕ್ಸೈಡ್. ಎರಡರ ಹೆಸರನ್ನೂ ಅದಲುಬದಲು ಮಾಡುವವರು ಇಂದಿಗೂ ಇದ್ದಾರೆ.

ನೈಟ್ರಿಕ್ ಆಕ್ಸೈಡ್ ರಸಾಯನಶಾಸ್ತ್ರಕ್ಕೆ ಹೊಸದೂ ಅಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರ ಸುಮಾರಿಗೇ ಲೋಹದ ಮೇಲೆ ನೈಟ್ರಿಕ್ ಆಮ್ಲ ಸುರಿದು ಇದನ್ನು ಹಿಡಿದಿದ್ದ. ಗಾಳಿ ಸೋಕಿದೊಡನೆ ಕಂದು ಹೊಗೆಯಾಗುವ ಇದರ ಗುಣವನ್ನು ಬಳಸಿ, ಯಾವ ಗಾಳಿ ಉಸಿರಾಟಕ್ಕೆ ಒಳ್ಳೆಯದು ಎಂದು ಆತ ಅಳೆಯುತ್ತಿದ್ದ. ಮೋಟಾರು ವಾಹನಗಳು ಬಂದ ಮೇಲೆ ಈ ಅನಿಲಕ್ಕೆ ಕೆಟ್ಟ ಹೆಸರು ಅಂಟಿಕೊಂಡಿತು. ಎಂಜಿನ್ನಿನ ಶಾಖದಲ್ಲಿ ಹುಟ್ಟಿ, ನಗರಗಳ ಮೇಲೆ ಕವಿಯುವ ಕೊಳಕು ಮಂಜಿಗೆ ಕಾರಣವಾಗುವ ಅನಿಲವೆಂದೇ ಪಠ್ಯಪುಸ್ತಕಗಳು ಇದನ್ನು ಪರಿಚಯಿಸಿದವು. ಇಂಥದ್ದನ್ನು ಮನುಷ್ಯನ ದೇಹ ತನ್ನ ಕೈಯಾರೆ ತಯಾರಿಸುತ್ತದೆಂದು 1980ಕ್ಕೆ ಮುನ್ನ ಯಾರಾದರೂ ಹೇಳಿದ್ದರೆ ನಗೆಪಾಟಲಾಗುತ್ತಿದ್ದರು.

ರಕ್ತನಾಳಗಳ ಕಡೆಯಿಂದ ಈ ಅನಿಲ ಪತ್ತೆಯಾದ ಬಗೆ ಹೆಚ್ಚು ಪ್ರಸಿದ್ಧವಾದುದರಿಂದ ಅದನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. 1847ರಲ್ಲಿ ಇಟಲಿಯ ಸೊಬ್ರೆರೊ ತಯಾರಿಸಿದ ನೈಟ್ರೋಗ್ಲಿಸರಿನ್‌ನಿಂದ ಆಲ್‌ಫ್ರೆಡ್ ನೊಬೆಲ್ ಡೈನಮೈಟ್ ಮಾಡಿದ. ಅದೇ ವಸ್ತು ಎದೆನೋವಿಗೆ ಔಷಧವೂ ಹೌದೆಂದು 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ತೋರಿಸಿದ. ಕೊನೆಗಾಲದಲ್ಲಿ ಹೃದ್ರೋಗಿಯಾದ ನೊಬೆಲ್‌ಗೇ ವೈದ್ಯರು ಅದನ್ನು ಬರೆದುಕೊಟ್ಟರು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ಸಿಗಲು ಮತ್ತೆ ನೂರು ವರ್ಷ ಹಿಡಿಯಿತು. ಅದರಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆಂದು 1977ರಲ್ಲಿ ಫೆರಿಡ್ ಮುರಾದ್ ಕಂಡುಕೊಂಡರು. ನ್ಯೂಯಾರ್ಕ್‌ನ ಬ್ರೂಕ್‌ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ಚೂರುಗಳ ಮೇಲೆ ಪ್ರಯೋಗ ಮಾಡುತ್ತ, ನಾಳದ ಒಳಪದರವನ್ನು ಉಜ್ಜಿ ತೆಗೆದರೆ ಅದು ಸಡಿಲಗೊಳ್ಳುವುದೇ ಇಲ್ಲವೆಂದು 1980ರಲ್ಲಿ ವರದಿ ಮಾಡಿದರು. ಒಳಪದರ ಯಾವುದೋ ಸಂದೇಶ ಕಳಿಸುತ್ತಿತ್ತು. ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡೇ ಇರಬೇಕೆಂದು 1986ರ ಸಮ್ಮೇಳನವೊಂದರಲ್ಲಿ ಫರ್ಚ್‌ಗಾಟ್ ಮತ್ತು ಲೂಯಿ ಇಗ್ನಾರೊ ಬೇರೆಬೇರೆಯಾಗಿ ಸೂಚಿಸಿದರು. ಹೊಂಡುರಾಸ್ ಮೂಲದ ಸಾಲ್ವಡೋರ್ ಮೊನ್ಕಾಡಾ ಲಂಡನ್ ಬಳಿಯ ವೆಲ್‌ಕಮ್ ಪ್ರಯೋಗಾಲಯದಲ್ಲಿ 1987ರಲ್ಲಿ ಅದನ್ನು ಅಳೆದು ತೋರಿಸಿದರು.

ರೋಗನಿರೋಧಕ ಶಕ್ತಿಯ ಕಡೆಯಿಂದ ಇದೇ ಅನಿಲದತ್ತ ನಡೆದುಬರುತ್ತಿದ್ದವರಿಗೆ ಈ ರಕ್ತನಾಳದವರ ಪರಿಚಯವೇ ಇರಲಿಲ್ಲ. ಅಂಥವರಲ್ಲಿ ಮುಖ್ಯರು ಜಾನ್ ಹಿಬ್ಸ್.

ಸಾಲ್ಟ್ ಲೇಕ್ ಸಿಟಿಯ ವೈದ್ಯ

ಹಿಬ್ಸ್ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆ ಮತ್ತು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ. ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದಲ್ಲಿದ್ದಾಗಲೇ ಅವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿದ್ದಿತ್ತು. ಪರೋಪಜೀವಿಯೊಂದರ ಸೋಂಕು ತಗುಲಿ ಕೆರಳಿದ ಇಲಿಯ ಮ್ಯಾಕ್ರೋಫೇಜ್‌ಗಳು ಆ ಪರೋಪಜೀವಿಗೆ ಯಾವ ಸಂಬಂಧವೂ ಇಲ್ಲದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತಿದ್ದವು. ಮಾಮೂಲಿ ಕೋಶಗಳ ತಂಟೆಗೆ ಹೋಗುತ್ತಿರಲಿಲ್ಲ. 1972ರಲ್ಲಿ ಪ್ರಕಟವಾದ ಈ ಶೋಧ ಕ್ಯಾನ್ಸರ್ ತಜ್ಞರಲ್ಲಿ ದೊಡ್ಡ ಆಸೆ ಹುಟ್ಟಿಸಿತ್ತು.

ಮ್ಯಾಕ್ರೋಫೇಜ್ ಪ್ರಯೋಗಿಸುವ ಆಯುಧ ಯಾವುದೆಂದು ಹುಡುಕುತ್ತ ಹಿಬ್ಸ್ ಮತ್ತು ಡೊನಾಲ್ಡ್ ಗ್ರೇಂಜರ್ ಜೊತೆಗೂಡಿ 1980ರಲ್ಲಿ ಪ್ರಕಟಿಸಿದ ಲೇಖನ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮುಖ್ಯವಾದದ್ದು ಎಂದರೆ ತಪ್ಪಾಗದು. ಪೆಟ್ಟು ತಿಂದ ಕ್ಯಾನ್ಸರ್ ಕೋಶಗಳನ್ನು ಅವರು ಮ್ಯಾಕ್ರೋಫೇಜ್‌ಗಳಿಂದ ಬಿಡಿಸಿ ತೆಗೆದು ನೋಡಿದರು. ಅವುಗಳಿಗೆ ತೂತು ಬಿದ್ದಿರಲಿಲ್ಲ, ಅವು ಒಡೆದೂ ಇರಲಿಲ್ಲ. ಉಸಿರಾಟ ಮಾತ್ರ ನಿಂತಿತ್ತು. ಬಹುತೇಕ ಕೋಶಗಳೊಳಗೆ ಆಮ್ಲಜನಕ ಬಳಸಿ ಆಹಾರವನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿರುತ್ತವೆ. ಆ ಒಲೆಗಳು ಆರಿದ್ದವು. ಸುತ್ತಲಿನ ದ್ರವದಲ್ಲಿ ಸಾಕಷ್ಟು ಗ್ಲೂಕೋಸ್ ಇದ್ದರೆ ಆ ಕೋಶಗಳು ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಹುಳಿಸಿಕೊಂಡು ಹೇಗೋ ಜೀವ ಹಿಡಿದಿರುತ್ತಿದ್ದವು. ಗ್ಲೂಕೋಸ್ ಇಲ್ಲದಿದ್ದರೆ ಸಾಯುತ್ತಿದ್ದವು. ಆಯುಧ ಶತ್ರುವಿನ ಒಲೆಗೆ ನೀರೆರಚುವಂಥದು ಎಂಬುದು ಆಗಲೇ ತಿಳಿದಿತ್ತು. ಆಯುಧದ ಹೆಸರು ಗೊತ್ತಿರಲಿಲ್ಲ.

1987ರಲ್ಲಿ ಹಿಬ್ಸ್‌ಗೆ ಎರಡನೆಯ ಎಳೆ ಸಿಕ್ಕಿತು. ಕೋಶಗಳನ್ನು ಬೆಳೆಸುವ ದ್ರವದಲ್ಲಿ ಅರ್ಜಿನೈನ್ ಎಂಬ ಅಮೈನೊ ಆಮ್ಲ ಇರದಿದ್ದರೆ ಮ್ಯಾಕ್ರೋಫೇಜ್‌ಗಳು ಕೊಲ್ಲಲಾರದೆ ಹೋದವು. ನಮ್ಮ ಕಡಲೆಕಾಯಿಯಲ್ಲಿ ಧಾರಾಳವಾಗಿರುವ ವಸ್ತು ಇದು. ಅರ್ಜಿನೈನ್‌ನಂತೆಯೇ ಕಾಣುವ, ಆದರೆ ತುದಿಯಲ್ಲಿ ಕೊಂಚ ಬೇರೆಯಾದ ಒಂದು ನಕಲಿ ಅಣುವನ್ನು ಬೆರೆಸಿದರೆ, ಅಸಲಿ ಇದ್ದರೂ ಕೊಲ್ಲುವ ಕೆಲಸ ನಿಂತುಬಿಡುತ್ತಿತ್ತು. ಕೊಲ್ಲುವಾಗ ಅರ್ಜಿನೈನ್‌ನ ಸಾರಜನಕ ನೈಟ್ರೈಟ್ ಆಗಿ ಹೊರಬರುತ್ತಿತ್ತು. ಈ ನಕಲಿ ಅಣುವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಇನ್ನೊಂದು ವೇಷದಲ್ಲಿ ಬರುತ್ತದೆ.

ಅಲ್ಲಿಂದಾಚೆಗೆ ಎಳೆಗಳು ಬೇಗ ಹೆಣೆದುಕೊಂಡವು. ಮ್ಯಾಕ್ರೋಫೇಜ್ ಅರ್ಜಿನೈನ್‌ನಿಂದ ತಯಾರಿಸುವುದು ನೈಟ್ರಿಕ್ ಆಕ್ಸೈಡನ್ನೇ ಎಂದು 1988ರಲ್ಲಿ ಹಿಬ್ಸ್ ಮತ್ತು ಮಾರ್ಲೆಟ್ಟಾ ತಂಡಗಳು ತೋರಿಸಿದವು. ರಕ್ತನಾಳದ ಒಳಪದರವೂ ಅದನ್ನು ಅರ್ಜಿನೈನ್‌ನಿಂದಲೇ ಮಾಡುತ್ತದೆಂದು ಅದೇ ವರ್ಷ ಮೊನ್ಕಾಡಾ ತಂಡ ತೋರಿಸಿತು. ಬೇರೆಬೇರೆ ದಾರಿಯಲ್ಲಿ ಬಂದವರು ಒಂದೇ ಬಾವಿಯ ಕಟ್ಟೆಯ ಮೇಲೆ ಎದುರಾದಂತಾಯಿತು. ಅಮೆರಿಕದ 'ಸೈನ್ಸ್' ಪತ್ರಿಕೆ 1992ರಲ್ಲಿ ನೈಟ್ರಿಕ್ ಆಕ್ಸೈಡನ್ನು ವರ್ಷದ ಅಣು ಎಂದು ಸಾರಿತು. ಮ್ಯಾಕ್ರೋಫೇಜ್‌ನಲ್ಲಿ ಅದನ್ನು ತಯಾರಿಸುವ ಕಿಣ್ವದ ವಂಶವಾಹಿಯನ್ನು ನ್ಯೂಯಾರ್ಕ್‌ನ ಕಾರ್ಲ್ ನೇಥನ್ ಅವರ ತಂಡವೂ ಸೇರಿ ಹಲವರು ಬೇರ್ಪಡಿಸಿದ್ದು ಆ ವರ್ಷವೇ.

ಈ ಕಿಣ್ವದಲ್ಲಿ ಮೂರು ಬಗೆ. ಒಂದು ನರಕೋಶಗಳಲ್ಲಿ, ಒಂದು ರಕ್ತನಾಳಗಳಲ್ಲಿ ಇದ್ದು ಚಿಟಿಕೆಯಷ್ಟು ಅನಿಲವನ್ನು ಆಗಾಗ ಬಿಡುತ್ತವೆ. ಮೂರನೆಯದು ಮಾಮೂಲಿ ದಿನಗಳಲ್ಲಿ ಕಾಣಸಿಗುವುದೇ ಅಪರೂಪ. ರೋಗಾಣುವಿನ ಸುಳಿವು ಸಿಕ್ಕಾಗ ಮ್ಯಾಕ್ರೋಫೇಜ್ ಅದನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಒಮ್ಮೆ ತಯಾರಾಯಿತೆಂದರೆ ಗಂಟೆಗಟ್ಟಲೆ, ದಿನಗಟ್ಟಲೆ ಅನಿಲ ಕಾರುತ್ತಲೇ ಇರುತ್ತದೆ. ಉಪಕಾರ, ಅಪಕಾರ ಎರಡೂ ಹುಟ್ಟುವುದು ಇಲ್ಲಿಂದ.

ಉಪಕಾರಕ್ಕೆ ಕ್ಷಯರೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನ ಇರುವ ಭಾರತಕ್ಕೆ ಇದು ದೂರದ ವಿಷಯವೂ ಅಲ್ಲ. ಇಲಿಯ ಮ್ಯಾಕ್ರೋಫೇಜ್‌ಗಳು ಕ್ಷಯದ ರೋಗಾಣುವನ್ನು ಕೊಲ್ಲುವುದು ಈ ಅನಿಲದ ಬಲದಿಂದ ಎಂದು ನ್ಯೂಯಾರ್ಕ್‌ನ ಜಾನ್ ಚಾನ್, ಬ್ಯಾರಿ ಬ್ಲೂಮ್ ಮತ್ತಿತರರು 1992ರಲ್ಲಿ ತೋರಿಸಿದರು. ಮೂರನೆಯ ಬಗೆಯ ಕಿಣ್ವವೇ ಇಲ್ಲದಂತೆ ಹುಟ್ಟಿಸಿದ ಇಲಿಗಳು 1995ರಲ್ಲಿ ತಯಾರಾದವು. ಅವಕ್ಕೆ ಕ್ಷಯ ತಗುಲಿದರೆ ರೋಗಾಣುಗಳು ಎಗ್ಗಿಲ್ಲದೆ ಬೆಳೆದು ಇಲಿಗಳು ಬೇಗ ಸಾಯುತ್ತವೆಂದು 1997ರಲ್ಲಿ ಗೊತ್ತಾಯಿತು.

ನೆಗಡಿಗೆ ಮೂಗು ಕೊಯ್ದಂತೆ

ಅಪಕಾರದ ಕತೆ ಇದಕ್ಕಿಂತ ದಾರುಣ. ರಕ್ತಕ್ಕೆ ನಂಜೇರಿದ ರೋಗಿಯ ಮೈಯಲ್ಲಿ ಈ ಕಿಣ್ವ ಎಲ್ಲೆಡೆ ಎಚ್ಚೆತ್ತು ಅನಿಲ ಸುರಿಸತೊಡಗುತ್ತದೆ. ರಕ್ತನಾಳಗಳು ಒಂದೇ ಸಮ ಸಡಿಲಗೊಂಡು ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ. ಎಷ್ಟೋ ಸಲ ಮಾಮೂಲಿ ಔಷಧಗಳಿಗೆ ಅದು ಮೇಲೇಳುವುದಿಲ್ಲ. ತೀವ್ರನಿಗಾ ಘಟಕಗಳ ವೈದ್ಯರಿಗೆ ಈ ದೃಶ್ಯ ಹೊಸದಲ್ಲ. ಕಾರಣ ನೈಟ್ರಿಕ್ ಆಕ್ಸೈಡ್ ಎಂದಾದರೆ ಪರಿಹಾರವೂ ಸ್ಪಷ್ಟವಿತ್ತಲ್ಲ? ಅದನ್ನು ತಡೆದರಾಯಿತು.

ಹಿಬ್ಸ್ ಬಳಸಿದ್ದ ನಕಲಿ ಅರ್ಜಿನೈನ್ ಈಗ ಔಷಧದ ವೇಷ ತೊಟ್ಟು ಬಂತು. ಅಂಥ ತಡೆಗಳನ್ನು ಇಬ್ಬರು ರೋಗಿಗಳಿಗೆ ಕೊಟ್ಟಾಗ ಕುಸಿದಿದ್ದ ರಕ್ತದೊತ್ತಡ ಏರಿತೆಂದು 1991ರಲ್ಲಿ ಲಂಡನ್ನಿನ ವೈದ್ಯರು ವರದಿ ಮಾಡಿದರು. ಸಣ್ಣ ಪ್ರಯೋಗಗಳಲ್ಲೂ ಭರವಸೆ ಕಂಡಿತು. ಔಷಧ ಕಂಪನಿ ಅದಕ್ಕೆ 546ಸಿ88 ಎಂಬ ಸಂಕೇತನಾಮ ಕೊಟ್ಟು ಐದು ಪ್ರದೇಶಗಳ 124 ತೀವ್ರನಿಗಾ ಘಟಕಗಳಲ್ಲಿ ದೊಡ್ಡ ಪರೀಕ್ಷೆಗೆ ಇಳಿಯಿತು. 797 ರೋಗಿಗಳು ಸೇರಿದ ಹೊತ್ತಿಗೆ, 1998ರಲ್ಲಿ, ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ ರಕ್ತದೊತ್ತಡ ಏರಿದ್ದೇನೋ ನಿಜ. 28 ದಿನಗಳೊಳಗೆ ಅವರಲ್ಲಿ ಶೇ 59 ಮಂದಿ ತೀರಿಕೊಂಡಿದ್ದರು. ಔಷಧವಿಲ್ಲದ ಹುಸಿಮದ್ದು ಪಡೆದವರಲ್ಲಿ ಸತ್ತವರು ಶೇ 49. ಪೂರ್ಣ ವರದಿ ಅಚ್ಚಾದದ್ದು 2004ರಲ್ಲಿ.

ತಪ್ಪಿದ್ದು ಎಲ್ಲಿ? ಆ ಔಷಧ ಕಿಣ್ವದ ಮೂರೂ ಬಗೆಗಳನ್ನು ಒಟ್ಟಿಗೆ ಕಟ್ಟಿಹಾಕುತ್ತಿತ್ತು. ಕೆರಳಿದ ಕೋಶಗಳ ಅನಿಲದ ಜೊತೆಗೆ, ಸಣ್ಣ ರಕ್ತನಾಳಗಳನ್ನು ತೆರೆದಿಡುವ ಚಿಟಿಕೆ ಅನಿಲವೂ ನಿಂತಿತು. ಔಷಧ ಪಡೆದವರಲ್ಲಿ ಹೃದಯ ಮತ್ತು ರಕ್ತಚಲನೆ ಕೈಕೊಟ್ಟು ಸತ್ತವರ ಪ್ರಮಾಣ ಹೆಚ್ಚಿತ್ತು. ಇಷ್ಟಾಗಿ ಇಲಿಗಳು ಮೊದಲೇ ಎಚ್ಚರಿಕೆ ಕೊಟ್ಟಿದ್ದವು. ಕಿಣ್ವವಿಲ್ಲದ ಇಲಿಗಳಿಗೆ 1995ರಲ್ಲಿ ನಂಜು ಚುಚ್ಚಿದಾಗ ರಕ್ತದೊತ್ತಡ ಅಷ್ಟಾಗಿ ಕುಸಿಯಲಿಲ್ಲ. ಆದರೆ ಅವು ಬದುಕಿದವೇ ಎಂಬ ಪ್ರಶ್ನೆಗೆ ಒಂದು ಪ್ರಯೋಗಾಲಯ ಹೌದೆಂದರೆ ಇನ್ನೊಂದು ಇಲ್ಲವೆಂದಿತ್ತು. ಜೀವಂತ ಬ್ಯಾಕ್ಟೀರಿಯಾ ಕೊಟ್ಟಾಗ ಅವು ಮಾಮೂಲಿ ಇಲಿಗಳಿಗಿಂತ ಬೇಗ ಸೋತವು. ಅಂಕಿಯೊಂದು ಏರಿದ್ದನ್ನೇ ರೋಗಿ ಚೇತರಿಸಿಕೊಂಡ ಲಕ್ಷಣವೆಂದು ನಂಬುವ ದೌರ್ಬಲ್ಯ ವೈದ್ಯಕೀಯದಲ್ಲಿ ಹಳೆಯದು.

ಅದೇ 1998ರ ಅಕ್ಟೋಬರ್‌ನಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ನೊಬೆಲ್ ಪ್ರಶಸ್ತಿ ಪ್ರಕಟವಾಯಿತು. ಡೈನಮೈಟ್‌ನ ಹಣದಿಂದ ಬಂದ ಪ್ರಶಸ್ತಿ ನೈಟ್ರೋಗ್ಲಿಸರಿನ್‌ನ ಗುಟ್ಟು ಬಿಡಿಸಿದವರಿಗೆ ಸಂದದ್ದನ್ನು ಪತ್ರಿಕೆಗಳು ಸೊಗಸಾಗಿ ಬಣ್ಣಿಸಿದವು. ಮೊನ್ಕಾಡಾ ಹೆಸರು ಬಿಟ್ಟುಹೋದ ಬಗ್ಗೆ ದೊಡ್ಡ ಗದ್ದಲವೇ ಎದ್ದಿತು. ಪ್ರಶಸ್ತಿಯ ಒಕ್ಕಣೆಯಲ್ಲಿದ್ದದ್ದು ಹೃದಯ ಮತ್ತು ರಕ್ತನಾಳಗಳ ಮಾತು ಮಾತ್ರ. ಹಿಬ್ಸ್, ಟ್ಯಾನನ್‌ಬಾಮ್, ಮಾರ್ಲೆಟ್ಟಾ ಬಿಟ್ಟುಹೋದರೆಂದು ಅಷ್ಟು ದೊಡ್ಡ ಗದ್ದಲ ಆಗಲಿಲ್ಲ.

ಗಾಣ ನಿಂತಾಗ

ಉಸಿರಾಟ ನಿಂತ ಕ್ಯಾನ್ಸರ್ ಕೋಶಗಳ ಕಡೆಗೆ ಮತ್ತೆ ಬರಬೇಕು. ನೈಟ್ರಿಕ್ ಆಕ್ಸೈಡ್‌ಗೆ ಕಬ್ಬಿಣವೆಂದರೆ ಬಲು ಪ್ರೀತಿ. ಕಬ್ಬಿಣ ಕಂಡಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಮೈಟೊಕಾಂಡ್ರಿಯಾದಲ್ಲಿ ಉಸಿರಾಟಕ್ಕೆ ಬೇಕಾದ ಹಲವು ಕಿಣ್ವಗಳ ಒಡಲಲ್ಲಿ ಕಬ್ಬಿಣವಿದೆ. 1937ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಾನ್ಸ್ ಕ್ರೆಬ್ಸ್ ಗುರುತಿಸಿದ, ಗಾಣದಂತೆ ಸುತ್ತುತ್ತ ಆಹಾರದಿಂದ ಶಕ್ತಿ ಹಿಂಡುವ ಕ್ರಿಯಾಚಕ್ರವನ್ನು ಓದುಗರು ಶಾಲೆಯಲ್ಲಿ ಕೇಳಿರಬಹುದು. ಆ ಚಕ್ರದ ಒಂದು ಹಲ್ಲು ಅಕೊನಿಟೇಸ್ ಎಂಬ ಕಿಣ್ವ. ಕಬ್ಬಿಣ ಕಳೆದುಕೊಂಡ ಅಕೊನಿಟೇಸ್ ನಿಷ್ಪ್ರಯೋಜಕ. ಕ್ಯಾನ್ಸರ್ ಕೋಶದಲ್ಲಿ ಗಾಣ ನಿಲ್ಲುತ್ತಿದ್ದದ್ದು ಇಲ್ಲಿಯೇ ಎಂದು ಫ್ರಾನ್ಸಿನ ಜಾನ್-ಕ್ಲೋಡ್ ಡ್ರಾಪಿಯೆ ಮತ್ತು ಹಿಬ್ಸ್ 1986ರಲ್ಲಿ ತೋರಿಸಿದರು.

ಎರಡು ವರ್ಷದ ಬಳಿಕ ಇದೇ ಜೋಡಿ ಇನ್ನೊಂದು ಲೇಖನ ಬರೆಯಿತು. ಈ ಬಾರಿ ಅವರು ನೋಡಿದ್ದು ಪೆಟ್ಟು ತಿಂದ ಕೋಶವನ್ನಲ್ಲ, ಪೆಟ್ಟು ಕೊಟ್ಟ ಮ್ಯಾಕ್ರೋಫೇಜನ್ನು. ಅದರ ಅಕೊನಿಟೇಸ್ ಕೂಡ ಸತ್ತಿತ್ತು. ಅನಿಲಕ್ಕೆ ಗೋಡೆಯಿಲ್ಲ. ತಯಾರಾದ ಕೋಶದೊಳಗೇ ಅದು ಮೊದಲು ಹರಡುತ್ತದೆ. ಶತ್ರುವಿನ ಮೇಲೆ ಎಸೆಯುವ ಆಯುಧದ ಮೊದಲ ಏಟು ಸೈನಿಕನ ಮೇಲೆಯೇ ಬೀಳುತ್ತಿತ್ತು.

ಕಬ್ಬಿಣವಿರುವ ಮತ್ತೊಂದು ಕಿಣ್ವ, ಆಮ್ಲಜನಕವನ್ನು ಕೊನೆಯಲ್ಲಿ ಬಳಸಿಕೊಳ್ಳುವ ಸೈಟೋಕ್ರೋಮ್ ಆಕ್ಸಿಡೇಸ್, ಇದೇ ಅನಿಲಕ್ಕೆ ಮಣಿಯುತ್ತದೆಂದು 1994ರಲ್ಲಿ ಹಲವು ತಂಡಗಳು ಕಂಡುಕೊಂಡವು. ಆದರೂ ಇದೆಲ್ಲವನ್ನು ಬಹುಮಟ್ಟಿಗೆ ಆಯುಧದ ಅಡ್ಡ ಪರಿಣಾಮವೆಂದೇ ಬಗೆಯಲಾಯಿತು. ಸೈನಿಕ ಗಾಯಗೊಂಡಿದ್ದಾನೆ, ಪಾಪ, ಅಷ್ಟೇ. ರೋಗನಿರೋಧಕ ಶಕ್ತಿಯನ್ನು ಅಭ್ಯಾಸ ಮಾಡುವವರಿಗೂ ಕೋಶದ ಅಡುಗೆಮನೆಯನ್ನು ಅಭ್ಯಾಸ ಮಾಡುವವರಿಗೂ ಅಂದು ಹೆಚ್ಚು ಮಾತುಕತೆ ಇರಲಿಲ್ಲ ಎಂಬುದೂ ಒಂದು ಕಾರಣವಿದ್ದೀತು.

ಈ ಶತಮಾನದ ಎರಡನೆಯ ದಶಕದಲ್ಲಿ ಮಾತುಕತೆ ಶುರುವಾಯಿತು. ಕೆರಳಿದ ಮ್ಯಾಕ್ರೋಫೇಜ್ ಸಕ್ಕರೆಯನ್ನು ಬಾಚಿ ಬಾಚಿ ನುಂಗುತ್ತದೆ. ಒಂದು ಗ್ಲೂಕೋಸ್ ಅಣುವನ್ನು ಮೈಟೊಕಾಂಡ್ರಿಯಾದ ಒಲೆಯವರೆಗೆ ಒಯ್ದು ಪೂರ್ತಿ ಉರಿಸಿದರೆ ಶಕ್ತಿಯ ನಾಣ್ಯಗಳಾದ ಎಟಿಪಿ ಸುಮಾರು 30 ಸಿಗುತ್ತವೆ. ಹುಳಿಸಿ ಬಿಟ್ಟರೆ ಬರೀ 2. ಆದರೂ ಕೆರಳಿದ ಕೋಶ ಎರಡನೆಯ ದಾರಿಯನ್ನೇ ಹಿಡಿಯುತ್ತದೆ. ಯಾಕೆ ಈ ದುಂದುಗಾರಿಕೆ? ಮ್ಯಾಕ್ರೋಫೇಜ್‌ನ ಹತ್ತಿರದ ನೆಂಟನಾದ ಡೆಂಡ್ರಿಟಿಕ್ ಕೋಶ ತನ್ನದೇ ನೈಟ್ರಿಕ್ ಆಕ್ಸೈಡ್‌ನಿಂದ ಒಲೆ ಆರಿಸಿಕೊಂಡು, ಬದುಕಲು ಸಕ್ಕರೆಯನ್ನೇ ನಂಬುತ್ತದೆಂದು ಅಮೆರಿಕದ ಸೇಂಟ್ ಲೂಯಿಯಲ್ಲಿ ಎಡ್ವರ್ಡ್ ಪಿಯರ್ಸ್ ತಂಡ 2012ರಲ್ಲಿ ಹೇಳಿತು. 1980ರಲ್ಲಿ ಪೆಟ್ಟು ತಿಂದ ಕ್ಯಾನ್ಸರ್ ಕೋಶ ಮಾಡಿದ್ದೂ ಇದನ್ನೇ ಅಲ್ಲವೇ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡೇನಿಯಲ್ ಮ್ಯಾಕ್‌ವಿಕರ್ ತಂಡ 2020ರಲ್ಲಿ ಇದನ್ನು ಕೂಲಂಕಷವಾಗಿ ಬಿಡಿಸಿತು. ಕಿಣ್ವವಿಲ್ಲದ ಇಲಿಗಳ ಮ್ಯಾಕ್ರೋಫೇಜ್‌ಗಳನ್ನು ಎಷ್ಟೇ ಕೆರಳಿಸಿದರೂ ಅವುಗಳ ಗಾಣ ಸುತ್ತುತ್ತಲೇ ಇತ್ತು. ನೈಟ್ರಿಕ್ ಆಕ್ಸೈಡ್ ಇದ್ದಾಗ ಗಾಣ ಎರಡು ಕಡೆ ಸಿಕ್ಕಿಕೊಳ್ಳುತ್ತಿತ್ತು: ಹಳೆಯ ಪರಿಚಯದ ಅಕೊನಿಟೇಸ್‌ನಲ್ಲಿ, ಮತ್ತು ಸಕ್ಕರೆಯಿಂದ ಬಂದ ಸರಕನ್ನು ಗಾಣಕ್ಕೆ ಹಾಕುವ ಬಾಗಿಲ ಕಿಣ್ವದಲ್ಲಿ. ಅಕೊನಿಟೇಸ್ ಕೆಲಸ ಬಿಟ್ಟರೆ ಅದರ ಹಿಂದಿನ ಸರಕಾದ ಸಿಟ್ರೇಟ್ ರಾಶಿ ಬೀಳುತ್ತದೆ. ಸಿಟ್ರೇಟ್‌ನಿಂದ ಆಚೆಗೆ ಹುಟ್ಟಬೇಕಾದ, ಉರಿಯೂತವನ್ನು ತಣಿಸುವ ಇಟಕೊನೇಟ್ ಎಂಬ ವಸ್ತುವಿನ ಉತ್ಪತ್ತಿಗೆ ಕಡಿವಾಣ ಬೀಳುತ್ತದೆ. ಇಲ್ಲಿ ಆಗುತ್ತಿರುವುದು ಬರೀ ಗಾಯವಲ್ಲ. ಮ್ಯಾಕ್ರೋಫೇಜ್ ಈಗ ಯಾವ ಉರುವಲಿನಿಂದ ಬದುಕಬೇಕು, ಯಾವ ವಸ್ತುಗಳನ್ನು ತಯಾರಿಸಬೇಕು ಎಂಬುದನ್ನು ಅದರದೇ ಅನಿಲ ತೀರ್ಮಾನಿಸುತ್ತಿದೆ.

ಇದಕ್ಕೊಂದು ಬೆಲೆಯೂ ಇದೆ. ರೋಗಾಣು ಸತ್ತ ಮೇಲೆ ಮ್ಯಾಕ್ರೋಫೇಜ್ ಹೋರಾಟ ಬಿಟ್ಟು ಗಾಯ ಮಾಯಿಸುವ ಕೆಲಸಕ್ಕೆ ಇಳಿಯಬೇಕು. ಆ ಕೆಲಸಕ್ಕೆ ಮೈಟೊಕಾಂಡ್ರಿಯಾದ ಒಲೆ ಬೇಕು. ಅದೇ ಅರ್ಜಿನೈನ್ ಈ ಹೊತ್ತಿನಲ್ಲಿ ಬೇರೊಂದು ಕಿಣ್ವದ ಕೈಗೆ ಹೋಗಿ, ಅಂಗಾಂಶ ಕಟ್ಟುವ ಸಾಮಗ್ರಿಯಾಗಬೇಕು. ಒಮ್ಮೆ ಉಗ್ರವಾಗಿ ಕೆರಳಿದ ಮ್ಯಾಕ್ರೋಫೇಜ್ ಮಾತ್ರ ಶಾಂತ ರೂಪಕ್ಕೆ ಮರಳಲು ಹೆಣಗುತ್ತದೆಂದು 2016ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯಾನ್ ವಾನ್ ಡೆನ್ ಬೋಶ್ ಮತ್ತು ಸಂಗಡಿಗರು ಕಂಡರು. ಒಲೆ ಕೆಟ್ಟುಹೋಗಿತ್ತು. ಇಲಿಯ ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡನ್ನು ತಡೆದಾಗ ಮರಳುವ ಶಕ್ತಿ ಸ್ವಲ್ಪ ಹಿಂತಿರುಗಿತು. ವಾಸಿಯಾಗದೆ ವರ್ಷಗಟ್ಟಲೆ ಕಾಡುವ ಉರಿಯೂತಗಳ ಮೂಲ ಹುಡುಕುವವರಿಗೆ ಇದು ಮಹತ್ವದ ಮಾತು.

ಹಾಗೆಂದು ಈ ಅನಿಲವನ್ನು ಉರಿಯೂತದ ಖಳನಾಯಕ ಎನ್ನಲೂ ಬರುವುದಿಲ್ಲ. ಕ್ಷಯ ತಗುಲಿದ ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ರೋಗಾಣುವನ್ನು ಕೊಲ್ಲುವುದರ ಜೊತೆಗೆ ಉರಿಯೂತ ಹಬ್ಬಿಸುವ ಒಂದು ಪ್ರೋಟೀನ್ ಕೂಟವನ್ನೂ ಅದುಮಿ ಹಿಡಿದು, ಶ್ವಾಸಕೋಶ ಕರಗಿಹೋಗದಂತೆ ಕಾಯುತ್ತದೆಂದು ಬಿಭೂತಿ ಮಿಶ್ರಾ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಕೆರಳಿಸುವುದೂ ಅದೇ, ತಣಿಸುವುದೂ ಅದೇ. ಯಾವ ಹೊತ್ತಿನಲ್ಲಿ, ಎಷ್ಟು, ಯಾವ ಕೋಶದಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1998ರ ಔಷಧ ಈ ಮೂರನ್ನೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಬಹುಪಾಲು ಇಲಿಯ ಕತೆ ಎಂಬುದನ್ನೂ ಮರೆಯುವಂತಿಲ್ಲ. ಮನುಷ್ಯನ ರಕ್ತದಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮ್ಯಾಕ್ರೋಫೇಜ್‌ಗಳು ಈ ಅನಿಲವನ್ನು ತೀರ ಕಡಿಮೆ ಬಿಡುತ್ತವೆ. ಗ್ರೀಸ್‌ನ ಗುಲಾಬಿ ಬಣ್ಣ ಅಲ್ಲಿ ಅಷ್ಟಾಗಿ ಮೂಡುವುದಿಲ್ಲ. ಮನುಷ್ಯನಲ್ಲಿ ಈ ಆಯುಧವೇ ಇಲ್ಲ ಎಂದು ವಾದಿಸಿದವರೂ ಉಂಟು. ಆದರೆ ಕ್ಷಯರೋಗಿಗಳ ಶ್ವಾಸಕೋಶದಿಂದಲೇ ತೊಳೆದು ತೆಗೆದ ಮ್ಯಾಕ್ರೋಫೇಜ್‌ಗಳಲ್ಲಿ ಕಿಣ್ವ ಧಾರಾಳವಾಗಿ ಇರುವುದನ್ನು ನೇಥನ್ ಮತ್ತು ಸಂಗಡಿಗರು 1996ರಲ್ಲಿ ಕಂಡರು. ತಟ್ಟೆಯಲ್ಲಿ ಸುಮ್ಮನಿರುವ ಕೋಶ ರೋಗಿಯ ಎದೆಯೊಳಗೂ ಸುಮ್ಮನಿರಬೇಕೆಂದೇನಿಲ್ಲ. ಜ್ವರ ಬಂದ ಎಂಐಟಿ ಸ್ವಯಂಸೇವಕ ಕೂಡ ಇಲಿಯಲ್ಲವಷ್ಟೆ.

ಇಷ್ಟೆಲ್ಲ ಸಂಶೋಧನೆಯಿಂದ ಉರಿಯೂತದ ರೋಗಿಗೆ ನೇರವಾಗಿ ಸಿಕ್ಕಿರುವ ಉಪಯೋಗಗಳಲ್ಲಿ ಸರಳವಾದದ್ದು ಒಂದಿದೆ. ಅದು ಔಷಧವಲ್ಲ, ಅಳತೆ. ಮನುಷ್ಯ ಹೊರಬಿಡುವ ಉಸಿರಿನಲ್ಲಿ ಅತ್ಯಲ್ಪ ನೈಟ್ರಿಕ್ ಆಕ್ಸೈಡ್ ಇರುತ್ತದೆಂದು ಸ್ವೀಡನ್ನಿನ ಸಂಶೋಧಕರು 1991ರಲ್ಲಿ ಕಂಡುಕೊಂಡರು. ಆಸ್ತಮಾ ಇರುವವರ ಉಸಿರಿನಲ್ಲಿ ಅದು ಹೆಚ್ಚೆಂದು 1993ರಲ್ಲಿ ತಿಳಿಯಿತು. ಅವರ ಶ್ವಾಸನಾಳದ ಒಳಪದರದ ಕೋಶಗಳು ಅದೇ ಮೂರನೆಯ ಬಗೆಯ ಕಿಣ್ವವನ್ನು ಹೊತ್ತಿರುತ್ತವೆ. ಇದನ್ನು ಅಳೆಯುವ ಯಂತ್ರಕ್ಕೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ರೋಗಿ ಕೊಳವೆಯೊಂದಕ್ಕೆ ಕೆಲವು ಸೆಕೆಂಡು ಒಂದೇ ವೇಗದಲ್ಲಿ ಊದಬೇಕು, ಅಷ್ಟೇ. ಅಮೆರಿಕದ ಶ್ವಾಸಕೋಶ ತಜ್ಞರ ಸಂಘ 2011ರಲ್ಲಿ ಹಾಕಿಕೊಟ್ಟ ಸೂತ್ರದಂತೆ, ವಯಸ್ಕರ ಉಸಿರಿನ ನೂರು ಕೋಟಿ ಪಾಲುಗಳಲ್ಲಿ ಈ ಅನಿಲ 25 ಪಾಲಿಗಿಂತ ಕಡಿಮೆಯಿದ್ದರೆ ಸ್ಟೀರಾಯ್ಡ್ ಔಷಧದಿಂದ ಪ್ರಯೋಜನ ಕಡಿಮೆ. 50 ಪಾಲಿಗಿಂತ ಹೆಚ್ಚಿದ್ದರೆ ಆ ಔಷಧಕ್ಕೆ ತಣಿಯುವಂಥ ಉರಿಯೂತ ಶ್ವಾಸನಾಳದಲ್ಲಿದೆ ಎಂದು ವೈದ್ಯರು ತಿಳಿಯುತ್ತಾರೆ.